ಟೀ ಯಾರು ಮಾಡುತ್ತಾರೆ, ನೆಲ ಯಾರು ಒರೆಸುತ್ತಾರೆ: ಹೊಸ ದೇಶದ ಆಸ್ಪತ್ರೆಗೆ ಕೆಲಸಕ್ಕೆ ಹೊರಟವರಿಗೆ

ಹೋದ ತಿಂಗಳು ನಮ್ಮ ಕೊಪ್ಪದ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಬಿಎಸ್‌ಸಿ ನರ್ಸಿಂಗ್ ಮುಗಿಸಿ ಮಂಗಳೂರಿನಲ್ಲಿ 3 ವರ್ಷ ಕೆಲಸ ಮಾಡಿದ್ದಾಳೆ. ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿದೆ, ವೀಸಾ ಬಂದಿದೆ. "ಅಕ್ಕಾ, ಕುವೈತ್ ಒಳ್ಳೆಯದಾ, ಇಂಗ್ಲೆಂಡ್ ಒಳ್ಳೆಯದಾ? ಅಲ್ಲಿ ನಮ್ಮನ್ನು ಕೀಳಾಗಿ ನೋಡುತ್ತಾರಾ?" ಅಂತ ಕೇಳಿದಳು. ಮುಕ್ಕಾಲು ಗಂಟೆ ಮಾತಾಡಿದೆ. ಫೋನ್ ಇಟ್ಟ ಮೇಲೆ, ಹೇಳಬೇಕಾದ್ದನ್ನೇ ಹೇಳಲಿಲ್ಲ ಅನಿಸಿತು. ಅದಕ್ಕೇ ಈ ಬರಹ.

ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ 2 ವರ್ಷ, ಕುವೈತಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ 5 ವರ್ಷ ಇದ್ದೆ. ಈಗ 9 ವರ್ಷದಿಂದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿದ್ದೇನೆ. ಎನ್‌ಎಚ್‌ಎಸ್ ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಅದರ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ನನ್ನ ಕೆಲಸ. ಮೂರು ಕಡೆಯೂ ಮೇಲು-ಕೀಳು ಕಂಡಿದ್ದೇನೆ. ಆದರೆ ಒಂದೊಂದು ದೇಶ ಅದನ್ನು ಒಂದೊಂದು ಕಡೆ ಇಟ್ಟಿರುತ್ತದೆ. ನಮ್ಮಲ್ಲಿ ಅದು ಎದುರಿಗೇ ಇದೆ. ಕುವೈತಿನಲ್ಲಿ ಪಾಸ್‌ಪೋರ್ಟಿನಲ್ಲಿದೆ. ಇಂಗ್ಲೆಂಡಿನಲ್ಲಿ ಹುಡುಕಬೇಕು. ಹುಡುಕಿ ತಿಳಿದುಕೊಂಡರೆ ನಿಮ್ಮ ಮೊದಲ ವರ್ಷ ಅರ್ಧ ಹಗುರಾಗುತ್ತದೆ.

ಹೊರಡುವ ಮುಂಚೆ ಒಂದು ಪುಟ ಬರೆಯಿರಿ

ಬೇರೆ ದೇಶವನ್ನು ಅಳೆಯುವ ಮುಂಚೆ ನಿಮ್ಮ ಅಳತೆಗೋಲು ಯಾವುದು ಅಂತ ಗೊತ್ತಿರಬೇಕು. ನನ್ನದು ಕಾಫಿ ತೋಟದ್ದು. ಅಪ್ಪ ಕೊಪ್ಪದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರು. ಬಟವಾಡೆ ದಿನ ಅಪ್ಪ ಕುರ್ಚಿಯಲ್ಲಿ ಕೂತು ಲೆಕ್ಕದ ಪುಸ್ತಕ ಬಿಚ್ಚುತ್ತಿದ್ದರು. ಲೈನ್ ಮನೆಯವರು, ಅಂದರೆ ತೋಟದ ಕೂಲಿಯವರು, ಕಣದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಸಾಹುಕಾರರ ಜೀಪಿನ ಸದ್ದು ಕೇಳಿದರೆ ಅಪ್ಪನೂ ಎದ್ದು ನಿಲ್ಲುತ್ತಿದ್ದರು. ನಮ್ಮ ಮನೆಗೆ ಕೆಲಸಕ್ಕೆ ಬಂದವರಿಗೆ ಕಾಫಿ ಕೊಡಲು ಹಿಂದಿನ ಜಗಲಿಯ ಗೋಡೆ ಮೇಲೆ ಬೇರೆ ಲೋಟ ಇರುತ್ತಿತ್ತು. ಅಮ್ಮ ಮೇಲಿಂದ ಹೊಯ್ಯುತ್ತಿದ್ದಳು. ಕುಡಿದು ಅವರೇ ತೊಳೆದು ಅಲ್ಲೇ ಇಡುತ್ತಿದ್ದರು. 60 ವರ್ಷದ ಹೆಂಗಸನ್ನು 10 ವರ್ಷದ ನಾನು 'ನೀನು' ಅನ್ನುತ್ತಿದ್ದೆ. ಇದು ತಪ್ಪು ಅಂತ ಯಾರೂ ಹೇಳಲಿಲ್ಲ. ನನಗೂ ಅನಿಸಲಿಲ್ಲ.

ನಿಮ್ಮದು ತೋಟ ಇರಲಿಕ್ಕಿಲ್ಲ. ಅಪಾರ್ಟ್‌ಮೆಂಟ್ ಇರಬಹುದು, ಗದ್ದೆ ಇರಬಹುದು. ಲೋಟ ತೊಳೆದಿಡುವ ಕಡೆಯವರೇ ನೀವಾಗಿರಬಹುದು. ಬರೆಯಿರಿ. ಮನೆಯೊಳಗೆ ಯಾರು ಬರುತ್ತಿದ್ದರು, ಯಾರು ಬರುತ್ತಿರಲಿಲ್ಲ? ಬಚ್ಚಲು ಯಾರು ತೊಳೆಯುತ್ತಿದ್ದರು? ಯಾರಿಗೆ ಏಕವಚನ, ಯಾರಿಗೆ ಬಹುವಚನ? ಒಂದೇ ಪುಟ ಸಾಕು. ಯಾರಿಗೂ ತೋರಿಸಬೇಡಿ, ಮಡಚಿ ಪಾಸ್‌ಪೋರ್ಟ್ ಜೊತೆ ಇಡಿ. ನಾನು ಇದನ್ನು ಬರೆದದ್ದು ಊರು ಬಿಟ್ಟು 8 ವರ್ಷ ಆದ ಮೇಲೆ. ಮೊದಲೇ ಬರೆದಿದ್ದರೆ ಕೆಲವರ ಮನಸ್ಸು ನೋಯಿಸುತ್ತಿರಲಿಲ್ಲ.

ಒಂದಕ್ಕೆ ಅದೇ ಒಂದನ್ನು ಹೋಲಿಸಿ

"ಅಲ್ಲಿ ಎಲ್ಲರೂ ಸಮ", "ಇಲ್ಲಿ ಮರ್ಯಾದೆಯೇ ಇಲ್ಲ" ಅನ್ನುವ ಮಾತು ಜಾಸ್ತಿ ಕೇಳುತ್ತೀರಿ. ಅಲ್ಲಿನ ರಜೆಯನ್ನು ಇಲ್ಲಿನ ನೈಟ್ ಡ್ಯೂಟಿಗೆ ಹೋಲಿಸಿ ಹೇಳಿದ ಮಾತು ಅದು. ಅದರಿಂದ ಏನೂ ಗೊತ್ತಾಗುವುದಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮೊದಲ 3 ತಿಂಗಳು ಕೆಲವೇ ಸಂಗತಿ ನೋಡಿ: ಹೆಸರು ಹಿಡಿದು ಕರೆಯುವುದು, ಟೀ, ಗಲೀಜು, ತಪ್ಪು, ರಜೆ, ಸಂಬಳ. ಇದೇ ಸಂಗತಿ ನಿಮ್ಮ ಹಳೇ ಜಾಗದಲ್ಲಿ ಹೇಗಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ರೋಗಿಗಳ ಹೆಸರು, ವಿವರ ಮಾತ್ರ ಅದರಲ್ಲಿ ಬರೆಯಲೇಬಾರದು. ಅದು ಎಲ್ಲ ದೇಶದಲ್ಲೂ ದೊಡ್ಡ ತಪ್ಪು.

ಹೆಸರು ಸುಲಭ, ಅಲ್ಲಿಂದ ಶುರು ಮಾಡಿ. ಮಂಗಳೂರಿನಲ್ಲಿ ಡಾಕ್ಟರು 'ಸರ್', ನಾನು 'ಸಿಸ್ಟರ್', ಆಯಾ 'ಆಯಾ'. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಕುವೈತಿನಲ್ಲಿ ಆಫೀಸಿನಲ್ಲಿ ಟೀ ತರುವವನನ್ನು, ಫೈಲ್ ಒಯ್ಯುವವನನ್ನು 'ಫರಾಶ್' ಅನ್ನುತ್ತಾರೆ. ಅದು ಕೆಲಸದ ಹೆಸರು, ಅವನ ಹೆಸರಲ್ಲ. ನಾಟಿಂಗ್‌ಹ್ಯಾಮಿನಲ್ಲಿ 25 ವರ್ಷ ಅನುಭವದ ಕನ್ಸಲ್ಟೆಂಟನ್ನು, ಅಂದರೆ ಹಿರಿಯ ತಜ್ಞ ಡಾಕ್ಟರನ್ನು, ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ. ನೆಲ ಒರೆಸುವ ಹೆಂಗಸು ಅವರನ್ನು "ಮಿ ಡಕ್" ಅನ್ನುತ್ತಾಳೆ. ಬಾತುಕೋಳಿ ಅಂತ ಅರ್ಥ ಮಾಡಿಕೊಂಡು ಗಾಬರಿಯಾಗಬೇಡಿ. ಈ ಸೀಮೆಯಲ್ಲಿ ಅದು ಅಕ್ಕರೆಯ ಮಾತು, ನಮ್ಮ 'ಮರೀ', 'ಪುಟ್ಟಾ' ಇದ್ದ ಹಾಗೆ.

ಆದರೆ ಹೆಸರಿನಲ್ಲೂ ಒಂದು ಕಡೆ ಕಾಲು ಜಾರುತ್ತದೆ. ನಾನು ಮೊದಲ ವಾರ ಒಬ್ಬ ಸರ್ಜನ್ನನ್ನು 'ಡಾಕ್ಟರ್' ಅಂದೆ. ಅವರು ಸುಮ್ಮನಿದ್ದರು. ಪಕ್ಕದ ನರ್ಸ್ ಮೆಲ್ಲಗೆ "ಮಿಸ್ಟರ್ ಅನ್ನಬೇಕು" ಅಂದಳು. ಇಲ್ಲಿ ಹಿಂದೆ ಫಿಜಿಶಿಯನ್ನರು ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರ್ ಅನಿಸಿಕೊಳ್ಳುತ್ತಿದ್ದರು. ಸರ್ಜನ್ನರು ಕೈಕೆಲಸದವರು, ಡಿಗ್ರಿ ಇಲ್ಲ. ಲಂಡನ್ನಿನಲ್ಲಿ ಅವರು ಕ್ಷೌರಿಕರ ಜೊತೆ ಒಂದೇ ಸಂಘದಲ್ಲಿದ್ದರು. 1745ರಲ್ಲಿ ಬೇರೆಯಾದರು. 'ಮಿಸ್ಟರ್' ಉಳಿದುಕೊಂಡಿತು. ಕಡಿಮೆ ಅನಿಸಿಕೊಂಡಿದ್ದ ಹೆಸರನ್ನೇ ಇವತ್ತು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹಾಗಾಗಿ ಮೊದಲ 2 ವಾರ ಯಾರು ಯಾರನ್ನು ಹೇಗೆ ಕರೆಯುತ್ತಾರೆ ಅಂತ ಬರೀ ಕೇಳಿಸಿಕೊಳ್ಳಿ. ಎದುರಿಗೆ ಕರೆಯುವುದಕ್ಕಿಂತ, ಆ ವ್ಯಕ್ತಿ ಅಲ್ಲಿಲ್ಲದಾಗ ಏನನ್ನುತ್ತಾರೆ ಅನ್ನುವುದರ ಮೇಲೆ ಜಾಸ್ತಿ ಗಮನ ಇರಲಿ.

ಗಲೀಜಿನ ಪಾಠ

ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ನಮ್ಮ ಕಡೆಯಿಂದ ಬರುವ ನರ್ಸುಗಳು ಎಡವುವುದು ಇಲ್ಲೇ.

ಮಂಗಳೂರಿನಲ್ಲಿ ನನ್ನ ಕೆಲಸ ಇಂಜೆಕ್ಷನ್, ಡ್ರಿಪ್, ಚಾರ್ಟ್, ಡಾಕ್ಟರ ಜೊತೆ ರೌಂಡ್ಸ್. ಬೆಡ್‌ಪ್ಯಾನ್ ಆಯಾ ಕೆಲಸ. ಮೈ ಒರೆಸುವುದು ರೋಗಿಯ ಜೊತೆ ಬಂದ ಹೆಂಡತಿಯೋ ಮಗಳೋ. ಯಾರಾದರೂ ವಾಂತಿ ಮಾಡಿಕೊಂಡರೆ "ಆಯಾನ ಕರೆಯಿರಿ" ಅನ್ನುತ್ತಿದ್ದೆ. ಆಯಾ ಬರುವವರೆಗೆ ಅದು ಹಾಗೇ ಇರುತ್ತಿತ್ತು. ಆಯಾಗಳಿಗೆ ಪ್ಯಾಂಟ್ರಿಯಲ್ಲಿ ಲೋಟ ಬೇರೆ. ನಮ್ಮ ಹಿಂದಿನ ಜಗಲಿ ಅಲ್ಲಿಗೂ ಬಂದಿತ್ತು. ಕುವೈತಿನ ಕ್ಲಿನಿಕ್ಕಿನಲ್ಲಿ ಗಲೀಜು ತೆಗೆಯುವವರು ಬಾಂಗ್ಲಾದೇಶದ ಹುಡುಗರು, ಒಂದು ಕ್ಲೀನಿಂಗ್ ಕಂಪನಿಯ ಸಮವಸ್ತ್ರದಲ್ಲಿ. ಅಲ್ಲೂ ನಾನು ಕೈ ಹಾಕಲಿಲ್ಲ.

ಇಂಗ್ಲೆಂಡಿಗೆ ಬಂದ 2ನೇ ದಿನ ಹೆಲ್ತ್‌ಕೇರ್ ಅಸಿಸ್ಟೆಂಟ್, ಅಂದರೆ ನರ್ಸುಗಳಿಗೆ ನೆರವಾಗುವ ಹುಡುಗಿ, "ಸ್ವಲ್ಪ ಕೈ ಹಾಕ್ತೀರಾ" ಅಂತ ಕರೆದಳು. ಎಂಬತ್ತು ದಾಟಿದ ಅಜ್ಜ, ಹಾಸಿಗೆಯಲ್ಲೇ ಎಲ್ಲ ಆಗಿತ್ತು. ನಾನು ಪರದೆ ಹಿಡಿದು ನಿಂತೆ. ಅಷ್ಟರಲ್ಲಿ ವಾರ್ಡ್ ಸಿಸ್ಟರ್, ಅಂದರೆ ವಾರ್ಡಿನ ಮುಖ್ಯ ನರ್ಸ್, ಬಂದಳು. ನಮ್ಮಲ್ಲಾದರೆ ಅವಳ ಮುಂದೆ ಎಲ್ಲರೂ ಎದ್ದು ನಿಲ್ಲಬೇಕು. ಅವಳು ಏಪ್ರನ್ ಕಟ್ಟಿಕೊಂಡಳು, ಬಿಸಿನೀರಿನ ಬಟ್ಟಲು ತಗೊಂಡಳು, ಅಜ್ಜನಿಗೆ ಫಾರೆಸ್ಟ್ ತಂಡದ ಫುಟ್‌ಬಾಲ್ ಮ್ಯಾಚಿನ ಕಥೆ ಹೇಳುತ್ತಾ ಒರೆಸತೊಡಗಿದಳು. ಅಜ್ಜನ ಮುಖದಲ್ಲಿ ನಾಚಿಕೆ ಕಡಿಮೆಯಾಗುತ್ತಾ ಹೋಯಿತು. ಒರೆಸುವಾಗ ಅವಳ ಕಣ್ಣು ಹಿಮ್ಮಡಿ, ಬೆನ್ನಿನ ಕೆಳಭಾಗ ನೋಡುತ್ತಿತ್ತು. "ಇಲ್ಲಿ ನೋಡು, ಕೆಂಪಾಗಿದೆ, ಒತ್ತಿದರೆ ಬಿಳಿಯಾಗ್ತಿಲ್ಲ" ಅಂದಳು. ಹಾಸಿಗೆ ಹುಣ್ಣಿನ ಮೊದಲ ಗುರುತು ಅದು. ನಾನು 4 ವರ್ಷ ಓದಿ ಪರೀಕ್ಷೆಯಲ್ಲಿ ಬರೆದ ಉತ್ತರ ಅದು. ಅದನ್ನು ಕಣ್ಣಾರೆ ಕಾಣುವ ಜಾಗಕ್ಕೆ ನಾನು ಹೋಗಿಯೇ ಇರಲಿಲ್ಲ, ಅದನ್ನು ಆಯಾಗೆ ಬಿಟ್ಟಿದ್ದೆ.

ರಾತ್ರಿ ಅಮ್ಮನಿಗೆ ಹೇಳಿದೆ. "ಅಷ್ಟು ಓದಿ ಅದಾ ಮಾಡೋದು?" ಅಂತ ಅತ್ತಳು. ಅವಳನ್ನು ದೂರುವುದಿಲ್ಲ. ಅವಳಿಗೆ ಓದು ಅಂದರೆ ಆ ಕೆಲಸದಿಂದ ದೂರ ಹೋಗುವುದು. ನಿಮ್ಮ ಮನೆಯಲ್ಲೂ ಹೀಗೇ ಕೇಳಬಹುದು. ಮೊದಲೇ ಹೇಳಿ ಬನ್ನಿ.

ಹಾಗಾದರೆ ಏನು ಮಾಡಬೇಕು? ಮೊದಲ ವಾರವೇ, ಯಾರೂ ಕೇಳುವ ಮುಂಚೆ, "ಬೆಳಗಿನ ವಾಶ್‌ಗೆ ನಾನೂ ಬರ್ತೀನಿ" ಅನ್ನಿ. ಅಸಿಸ್ಟೆಂಟ್ ಹತ್ತಿರ ಕೆಲಸ ಕಲಿಯಿರಿ. ರೋಗಿಯನ್ನು ನೋಯಿಸದೆ ಮಗ್ಗುಲು ತಿರುಗಿಸುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ವಾರ್ಡಿನಲ್ಲಿ ರಕ್ತ, ಮೂತ್ರ ಚೆಲ್ಲಿದರೆ ಒರೆಸುವುದು ನರ್ಸಿಂಗ್‌ನವರು, ಕ್ಲೀನಿಂಗ್‌ನವರಲ್ಲ. ನಿಮ್ಮಲ್ಲಿ ಹೇಗೆ ಅಂತ ಮೊದಲ ದಿನವೇ ಕೇಳಿ. ಬಳೆ ಹಾಕಿಕೊಂಡು ಬರಬೇಡಿ. ರೋಗಿಗಳ ಹತ್ತಿರ ಹೋಗುವವರಿಗೆ ಮೊಣಕೈ ಕೆಳಗೆ ಏನೂ ಇರಬಾರದು, ಒಂದು ಸಾದಾ ಮದುವೆ ಉಂಗುರ ಬಿಟ್ಟು. ಇದು ಕನ್ಸಲ್ಟೆಂಟ್ ವಾಚಿಗೂ ಅನ್ವಯಿಸುತ್ತದೆ. ನಮ್ಮ ವಾರ್ಡಿಗೆ ವಾಚ್ ಕಟ್ಟಿಕೊಂಡು ಬಂದ ಡಾಕ್ಟರಿಗೆ ಅಸಿಸ್ಟೆಂಟ್ ಹುಡುಗಿಯೇ ಬಿಚ್ಚಲು ಹೇಳಿದಳು. ಅವರು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅದನ್ನು ಆ ದಿನವೇ ನೋಟ್‌ಬುಕ್ಕಿನಲ್ಲಿ ಬರೆದೆ.

ಟೀ ರೂಮಿನಲ್ಲಿ ಯಾರಿಲ್ಲ ಅಂತ ನೋಡಿ

ಇಲ್ಲಿ ಟೀ ತಂದುಕೊಡುವವರು ಯಾರೂ ಇಲ್ಲ. ಮೊದಲು ಎದ್ದವರು "ಯಾರಿಗೆ ಬೇಕು?" ಅಂತ ಕೇಳಿ ಎಲ್ಲರಿಗೂ ಮಾಡುತ್ತಾರೆ. ನಾನು ಒಂದು ವಾರ ಬರೀ ಕುಡಿದೆ. ಆಮೇಲೆ ಒಬ್ಬಳು ನೇರವಾಗಿ ಹೇಳಿದಳು. ಯಾರಿಗೆ ಹಾಲು ಎಷ್ಟು, ಸಕ್ಕರೆ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಸಣ್ಣ ವಿಷಯ ಅನಿಸುತ್ತದೆ, ಆದರೆ ಅಲ್ಲ.

ಕುವೈತಿನಲ್ಲಿ ಶುಕ್ರವಾರದ ನಮಾಜಿನಲ್ಲಿ ಮುದೀರ್, ಅಂದರೆ ಮ್ಯಾನೇಜರ್, ಪಕ್ಕದಲ್ಲೇ ಫರಾಶ್ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದ. ಹೊರಗೆ ಬಂದ ಮೇಲೆ ಟೀ ತರುವವನು ಅವನೇ. ಎರಡೂ ನಿಜ. ಒಬ್ಬ ಕುವೈತಿ ಅಜ್ಜಿ ಡ್ರೆಸಿಂಗ್‌ಗೆ ಬಂದಾಗಲೆಲ್ಲ ಮನೆಯಿಂದ ಖರ್ಜೂರ, ಫ್ಲಾಸ್ಕಿನಲ್ಲಿ ಗಹ್ವಾ (ಅರಬ್ಬಿ ಕಾಫಿ) ತರುತ್ತಿದ್ದರು. ನನಗೂ ಕೊಡುತ್ತಿದ್ದರು, ಕ್ಲೀನರ್ ಹುಡುಗನಿಗೂ ಕೊಡುತ್ತಿದ್ದರು. ಅದೇ ಥರದ ಪುಟ್ಟ ಬಟ್ಟಲಿನಲ್ಲೇ. ಕುವೈತ್ ಅಂದರೆ ಬರೀ ಕಷ್ಟ ಅಂತ ಯಾರಾದರೂ ಹೇಳಿದರೆ ನನಗೆ ಆ ಅಜ್ಜಿ ನೆನಪಾಗುತ್ತಾರೆ.

ಮತ್ತೆ ನಾಟಿಂಗ್‌ಹ್ಯಾಮ್ ಟೀ ರೂಮು. ಎಲ್ಲರೂ ಒಂದೇ ಸೋಫಾ, ಒಂದೇ ಕೆಟಲ್. ಆದರೆ ನೆಲ ಒರೆಸುವ ಹೆಂಗಸು ಅಲ್ಲಿ ಕೂರುತ್ತಿರಲಿಲ್ಲ. ಇದು ನನ್ನ ಕಣ್ಣಿಗೆ ಬೀಳಲು 4 ತಿಂಗಳು ಬೇಕಾಯಿತು. ಅವಳ ಬ್ಯಾಡ್ಜ್ ಬೇರೆ ಬಣ್ಣದ್ದು. ಅವಳು ಎನ್‌ಎಚ್‌ಎಸ್ ನೌಕರಳಲ್ಲ, ಒಂದು ಗುತ್ತಿಗೆ ಕಂಪನಿಯವಳು. 1983ರಲ್ಲಿ ಇಲ್ಲಿನ ಸರ್ಕಾರ ಆಸ್ಪತ್ರೆಗಳ ಕ್ಲೀನಿಂಗ್, ಅಡುಗೆ, ಬಟ್ಟೆ ಒಗೆಯುವ ಕೆಲಸಕ್ಕೆ ಟೆಂಡರ್ ಕರೆಯಬೇಕು ಅಂತ ಹೇಳಿತು. ಕೆಲವು ಕಡೆ ಅಂಥವರನ್ನು ವಾಪಸ್ ತಗೊಂಡಿದ್ದಾರೆ, ಕೆಲವು ಕಡೆ ಇಲ್ಲ. ಅವಳಿಗೆ ಹುಷಾರಿಲ್ಲದಾಗ ಸಿಗುವ ಸಂಬಳ ನನ್ನದಕ್ಕಿಂತ ಕಡಿಮೆ. 2020ರಲ್ಲಿ ಕೊರೊನಾ ಹೊತ್ತಲ್ಲಿ ಗುರುವಾರ ರಾತ್ರಿ 8ಕ್ಕೆ ಜನ ಬಾಗಿಲಿಗೆ ಬಂದು ನಮಗೆ ಚಪ್ಪಾಳೆ ತಟ್ಟುತ್ತಿದ್ದರು. 10 ವಾರ ತಟ್ಟಿದರು. ಅವಳೂ ಅದೇ ವಾರ್ಡಿನಲ್ಲಿ ಅದೇ ಮಾಸ್ಕ್ ಹಾಕಿಕೊಂಡು ಮಾಪ್ ಹಿಡಿದಿದ್ದಳು. 'ಮಿ ಡಕ್' ಅಂತ ಎಲ್ಲರನ್ನೂ ಕರೆಯುವ ಸಲಿಗೆ ಇದೆ, ಆದರೆ ಗೆರೆ ಕಾಂಟ್ರಾಕ್ಟಿನಲ್ಲಿದೆ. ನೀವು ಸೇರಿದ ಕಡೆ ಬ್ಯಾಡ್ಜ್ ಬಣ್ಣ ಎಷ್ಟಿದೆ ಅಂತ ಮೊದಲ ವಾರವೇ ನೋಡಿ. ಅವರ ಹೆಸರು ಕೇಳಿ. ಟೀ ಮಾಡುವಾಗ ಅವರಿಗೂ ಬೇಕಾ ಅಂತ ಕೇಳಿ.

ಬ್ರಿಟಿಷರ ಒಳಗಿನ ಮೇಲು-ಕೀಳು ನಮಗೆ ಬೇಗ ಕೇಳಿಸುವುದಿಲ್ಲ. ಅದು ಮಾತಿನ ಧಾಟಿಯಲ್ಲಿದೆ. ಮಧ್ಯಾಹ್ನದ ಊಟಕ್ಕೆ 'ಡಿನ್ನರ್', ರಾತ್ರಿಯದಕ್ಕೆ 'ಟೀ' ಅನ್ನುವ ರೋಗಿಗೂ, 'ಲಂಚ್', 'ಡಿನ್ನರ್' ಅನ್ನುವವರಿಗೂ ವ್ಯತ್ಯಾಸ ಇದೆ. ಊಟದ ಆರ್ಡರ್ ಬರೆಯುವಾಗ ಇದು ಗೊತ್ತಿರಲೇಬೇಕು, ಇಲ್ಲದಿದ್ದರೆ ಅಜ್ಜ ಹಸಿದಿರುತ್ತಾರೆ. ನಮ್ಮ ಅಸಿಸ್ಟೆಂಟ್ ಒಬ್ಬಳು ಹೊಸ ಡಾಕ್ಟರ್ ಎರಡು ಮಾತಾಡಿದ್ದೇ ತಡ, ಯಾವ ಥರದ ಶಾಲೆಯಲ್ಲಿ ಓದಿದವರು ಅಂತ ಹೇಳಿಬಿಡುತ್ತಾಳೆ. ಅವಳೂ ಓದಬೇಕಿತ್ತಂತೆ. ಮನೆಯಲ್ಲಿ ಯಾರೂ ಕಾಲೇಜು ಕಂಡವರಿರಲಿಲ್ಲ, "ಅದು ನಮ್ಮಂಥವರಿಗಲ್ಲ" ಅಂದರಂತೆ. ನಮ್ಮ ಲೈನ್ ಮನೆಯ ಮಾತನ್ನು ಇಂಗ್ಲಿಷಿನಲ್ಲಿ ಕೇಳಿದ ಹಾಗಾಯಿತು. 2010ರ ಸಮಾನತೆ ಕಾಯ್ದೆಯಲ್ಲಿ ವಯಸ್ಸು, ಬಣ್ಣ, ಧರ್ಮ, ಅಂಗವೈಕಲ್ಯ ಎಲ್ಲ ಸೇರಿ 9 ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ ಇದೆ. ಈ ವರ್ಗಭೇದ ಆ ಪಟ್ಟಿಯಲ್ಲಿಲ್ಲ.

ತಪ್ಪಾದಾಗ ಏನಾಗುತ್ತದೆ

ಮಂಗಳೂರಿನಲ್ಲಿ ಒಂದು ರಾತ್ರಿ ಔಷಧಿ ಕೊಡುವುದು 2 ಗಂಟೆ ತಡವಾಯಿತು. ಹೇಳಿದೆ. "ಟೈಮಿಗೆ ಕೊಟ್ಟೆ ಅಂತ ಬರಿ, ಮೆಮೊ ಬೇಕಾ?" ಅಂತ ಮೇಲಿನವರು ಅಂದರು. ಬರೆದೆ. ಇವತ್ತಿಗೂ ಆ ಚಾರ್ಟ್ ನೆನಪಿದೆ. ಕುವೈತಿನಲ್ಲಿ ತಪ್ಪು ಹೇಳಲು ಇನ್ನೂ ಹೆದರಿಕೆ. ವೀಸಾ ಕಫೀಲನ, ಅಂದರೆ ವೀಸಾ ಕೊಡಿಸಿ ಕೆಲಸಕ್ಕೆ ಇಟ್ಟುಕೊಂಡವನ, ಕೈಯಲ್ಲಿ. ಪಾಸ್‌ಪೋರ್ಟ್ ಹೋದ ದಿನವೇ ಇಸ್ಕೊಂಡು ಬೀರುವಿನಲ್ಲಿಟ್ಟಿದ್ದರು. ಹಾಗೆ ಇಟ್ಟುಕೊಳ್ಳುವುದು ಅಲ್ಲಿನ ನಿಯಮಕ್ಕೇ ವಿರುದ್ಧ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ನೀವು ಕೊಲ್ಲಿ ದೇಶಕ್ಕೆ ಹೊರಟಿದ್ದರೆ ಪಾಸ್‌ಪೋರ್ಟ್, ಕಾಂಟ್ರಾಕ್ಟ್, ಸರ್ಟಿಫಿಕೇಟ್ ಎಲ್ಲದರ ಫೋಟೋ ಮನೆಯಲ್ಲಿ ಒಬ್ಬರ ಹತ್ತಿರ ಇರಲಿ.

ಇಲ್ಲಿ ಡೇಟಿಕ್ಸ್ ಅಂತ ಕಂಪ್ಯೂಟರಿನಲ್ಲಿ ತಪ್ಪು, ಅವಘಡ ದಾಖಲಿಸುತ್ತಾರೆ. ನನ್ನ ಹೆಸರಿನಲ್ಲಿ ಮೊದಲ ಡೇಟಿಕ್ಸ್ ಬಂದಾಗ ಶೌಚಾಲಯಕ್ಕೆ ಹೋಗಿ ಅತ್ತೆ. ವಾರ್ಡ್ ಮ್ಯಾನೇಜರ್ ಕೂರಿಸಿ "ಏನಾಯ್ತು, ಆ ರಾತ್ರಿ ಎಷ್ಟು ಜನ ಇದ್ರಿ?" ಅಂತ ಕೇಳಿದಳು. ಕೊನೆಗೆ ಬದಲಾದದ್ದು ಔಷಧಿ ಟ್ರಾಲಿ ಇಡುವ ಜಾಗ. ಇದು ಸುಮ್ನೆ ಬಂದ ಒಳ್ಳೆಯತನ ಅಲ್ಲ. ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ರೋಗಿಗಳನ್ನು ತೀರಾ ಕೆಟ್ಟದಾಗಿ ನೋಡಿಕೊಂಡದ್ದರ ಬಗ್ಗೆ 2013ರಲ್ಲಿ ದೊಡ್ಡ ವಿಚಾರಣಾ ವರದಿ ಬಂತು. ಆಮೇಲೆ ಆಸ್ಪತ್ರೆಗಳಲ್ಲಿ 'ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್' ಅಂತ ಒಬ್ಬರನ್ನು ಇಟ್ಟರು. ಮ್ಯಾನೇಜರ್ ಹತ್ತಿರ ಹೇಳಲಾಗದ್ದನ್ನು ಅವರ ಹತ್ತಿರ ಹೇಳಬಹುದು. ಅವರ ಫೋಟೋ, ನಂಬರ್ ಗೋಡೆಯ ಮೇಲೆ ಹಾಕಿರುತ್ತಾರೆ. ಬರೆದಿಟ್ಟುಕೊಳ್ಳಿ.

ಆದರೂ ಒಂದು ಎಚ್ಚರ ಇರಲಿ. ನಮ್ಮಂಥವರ ವೀಸಾ ಇಲ್ಲೂ ಕೆಲಸ ಕೊಟ್ಟವರಿಗೆ ಕಟ್ಟಿಕೊಂಡಿದೆ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆಯವರು ಸಿಗಬೇಕು. ಅದಕ್ಕೇ ಬಂದ ತಿಂಗಳೇ ಯೂನಿಯನ್ ಸೇರಿ. ಇನ್ನೊಂದು, ಇಲ್ಲಿನವರು ಬೈಯುವಾಗಲೂ ಮೆಲ್ಲಗೆ ಬೈಯುತ್ತಾರೆ. "ಯೂ ಮೈಟ್ ವಾಂಟ್ ಟು ಚೆಕ್ ದಟ್" ಅಂದರೆ ಬೇಕಾದರೆ ನೋಡು ಅಂತಲ್ಲ, ಈಗಲೇ ಹೋಗಿ ನೋಡು ಅಂತ. "ಐ ಆಮ್ ಎ ಬಿಟ್ ಕನ್ಸರ್ನ್ಡ್" ಅಂತ ಯಾರಾದರೂ ಅಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಓಡಿ.

ಸಂಬಳ, ರಜೆ

ಸಂಬಳದ ಮಾತು ಬೇಗ ಮುಗಿಸುತ್ತೇನೆ. ಮಂಗಳೂರಿನಲ್ಲಿ ಪಕ್ಕದವಳ ಸಂಬಳ ಕೇಳುವುದೇ ತಪ್ಪು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ರಚಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು ಅಂತ ಶಿಫಾರಸು ಮಾಡಿತು. ನನ್ನ ಜೊತೆ ಓದಿದ ಎಷ್ಟೋ ಜನಕ್ಕೆ ಆಮೇಲೂ ಅಷ್ಟು ಸಿಗಲಿಲ್ಲ. ಕುವೈತಿನ ನನ್ನ ಕ್ಲಿನಿಕ್ಕಿನಲ್ಲಿ ಒಂದೇ ರೋಸ್ಟರ್, ಒಂದೇ ಕೆಲಸ, ಪಾಸ್‌ಪೋರ್ಟಿನ ಬಣ್ಣಕ್ಕೆ ತಕ್ಕ ಸಂಬಳ. ಇಲ್ಲಿ 2004ರಿಂದ ನರ್ಸು, ಅಸಿಸ್ಟೆಂಟುಗಳಿಗೆಲ್ಲ ಬ್ಯಾಂಡ್ ಪದ್ಧತಿ, ಅಂದರೆ ಸಂಬಳದ ದರ್ಜೆ, ಇದೆ. ಹೊಸ ನರ್ಸ್ ಬ್ಯಾಂಡ್ 5. ಯಾವ ಬ್ಯಾಂಡಿಗೆ ಎಷ್ಟು ಅಂತ ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ನಾನು ಎಲ್ಲಿಂದ ಬಂದೆ ಅನ್ನುವುದರಿಂದ ಬ್ಯಾಂಡ್ 5ರ ಸಂಬಳ ಬದಲಾಗುವುದಿಲ್ಲ. ಆದರೆ 6ಕ್ಕೆ ಏರುವಾಗ ನಮ್ಮವರು ಹಿಂದೆ ಉಳಿಯುವುದನ್ನು ನೋಡಿದ್ದೇನೆ. ಕೆಲಸ ಚೆನ್ನಾಗಿ ಮಾಡಿದರೆ ಅವರೇ ಕರೆದು ಕೊಡುತ್ತಾರೆ ಅಂತ ಕಾಯಬೇಡಿ. ಇಲ್ಲಿ ಅರ್ಜಿ ಹಾಕಬೇಕು, ಸಂದರ್ಶನದಲ್ಲಿ ನಾನು ಇದನ್ನು ಮಾಡಿದೆ ಅಂತ ಬಾಯಿಬಿಟ್ಟು ಹೇಳಬೇಕು.

ರಜೆ ಸೇರಿದ ವರ್ಷವೇ 27 ದಿನ, ಜೊತೆಗೆ 8 ಸಾರ್ವಜನಿಕ ರಜೆ. ಅಜ್ಜಿಗೆ ಹುಷಾರಿಲ್ಲ ಅಂತ ಕಥೆ ಕಟ್ಟಬೇಕಿಲ್ಲ. ತಾರೀಕು ಬರೆದರೆ ಸಾಕು. ನಾನು ಮೊದಲ ಸಲ ಅರ್ಧ ಪುಟ ಕಾರಣ ಬರೆದಿದ್ದೆ. "ಇದೆಲ್ಲ ನನಗೆ ಗೊತ್ತಾಗಬೇಕಿಲ್ಲ" ಅಂತ ಮ್ಯಾನೇಜರ್ ಅಕ್ಕರೆಯಿಂದಲೇ ಹೇಳಿದಳು.

ನಮ್ಮವರ ನಡುವೆ

ಕೊನೆಗೆ ಒಂದು ಕಷ್ಟದ ಮಾತು. ಬ್ಯಾಗಿನಲ್ಲಿ ಜಾತಿಯನ್ನೂ ತುಂಬಿಕೊಂಡು ಬರುತ್ತೇವೆ. ಕುವೈತಿನ ಫ್ಲಾಟಿನಲ್ಲಿ 6 ಜನ ನರ್ಸುಗಳಿದ್ದೆವು. ಹೊಸಬಳು ಬಂದ ರಾತ್ರಿಯೇ "ಯಾವ ಊರು? ಅಪ್ಪನ ಹೆಸರೇನು? ವೆಜ್ಜಾ?" ಅಂತ ಶುರುವಾಯಿತು. ಉತ್ತರ ಸಿಕ್ಕ ಮೇಲೆ ಅವಳ ಪಾತ್ರೆ ಬೇರೆ ಕಪಾಟಿಗೆ ಹೋಯಿತು. ನಾನು ಸುಮ್ಮನಿದ್ದೆ. 2 ತಿಂಗಳಲ್ಲಿ ಅವಳು ಮನೆ ಬದಲಾಯಿಸಿದಳು. ಇಂಗ್ಲೆಂಡಿನಲ್ಲೂ ಜಾತಿಯನ್ನು ಆ ಸಮಾನತೆ ಕಾಯ್ದೆಯಲ್ಲಿ ಸೇರಿಸಬೇಕು ಅಂತ 2013ರಲ್ಲಿ ಸಂಸತ್ತು ಹೇಳಿತ್ತು. 2018ರಲ್ಲಿ ಸರ್ಕಾರ ಅದು ಬೇಡ, ಕೋರ್ಟಿನ ತೀರ್ಪುಗಳೇ ಸಾಕು ಅಂದಿತು. ಹಾಗಾಗಿ ಕಾಯ್ದೆಯ ಪುಸ್ತಕದಲ್ಲಿ ಅದರ ಹೆಸರು ಹುಡುಕಿ ಸುಸ್ತಾಗಬೇಡಿ. ನಿಮ್ಮ ಅಡುಗೆಮನೆಯಲ್ಲಿ ನೀವೇ ಸರಿಯಾಗಿರಿ. ಊರು ಯಾವುದು ಅಂತ ಕೇಳಿ, ಊರಿಗೇ ನಿಲ್ಲಿಸಿ. ಪಾತ್ರೆ ಒಂದೇ ಕಪಾಟಿನಲ್ಲಿಡಿ.

ಕೊಪ್ಪದ ಹುಡುಗಿ ಮುಂದಿನ ವಾರ ವಿಮಾನ ಹತ್ತುತ್ತಾಳೆ. ಪುಟ ಬರಿ ಅಂದಿದ್ದೆ. ಯಾರಿಗೂ ತೋರಿಸಬೇಡ ಅಂದಿದ್ದರೂ ನಿನ್ನೆ ಫೋಟೋ ತೆಗೆದು ನನಗೆ ಕಳಿಸಿದ್ದಾಳೆ. "ನಮ್ಮ ಮನೆ ಬಚ್ಚಲು ತೊಳೆಯಲು 11 ವರ್ಷದಿಂದ ಬರುವವರ ಹೆಸರು ನನಗೆ ಗೊತ್ತಿಲ್ಲ. ಹೊರಡುವ ಮುಂಚೆ ಕೇಳುತ್ತೇನೆ" ಅಂತ ಮೊದಲ ಸಾಲು. ಕೆಳಗೆ, ಕುಕ್ಕರ್ ತರಬೇಕಾ ಅಕ್ಕಾ ಅಂತಲೂ ಕೇಳಿದ್ದಾಳೆ. 3 ಲೀಟರಿನದು ತಾ ಅಂತ ಬರೆದಿದ್ದೇನೆ. ಜೊತೆಗೆ 2 ಗ್ಯಾಸ್ಕೆಟ್ ಜಾಸ್ತಿ ಇಟ್ಟುಕೋ, ಇಲ್ಲಿ ಬೇಕಾದಾಗ ಸಿಗುವುದಿಲ್ಲ.